ದಾಂಡೇಲಿ: ಕೆಲಸವಿದೆ, ಭದ್ರತೆ ಎಲ್ಲಿ?



1955ರಲ್ಲಿ ಎರಡು ಸಂಗತಿಗಳು ನಡೆದವು. ಜಗದ್ಗುರು ಹನ್ನೆರಡನೇ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ನಮ್ಮ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಕಟ್ಟಲು ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿತು. ಕಾಡು, ಬಿದಿರು, ಕಾಳಿ ನದಿಯ ನೀರು ನಂಬಿ ಪ್ಲೈವುಡ್, ಫೆರೋ ಅಲಾಯ್ಸ್ ಕಾರ್ಖಾನೆಗಳೂ ಇಲ್ಲಿ ನಡೆದವು. ಹಲವು ಭಾಷೆಯ, ಹಲವು ಧರ್ಮದ ಜನ ಬಂದು ನೆಲೆಸಿದರು. ನಮ್ಮ ಧರ್ಮಕೇಂದ್ರಗಳೂ ಅವರೊಂದಿಗೇ ಬೆಳೆದವು.

ಕಾಗದ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಆದರೆ ಪ್ಲೈವುಡ್ ಮತ್ತು ಫೆರೋ ಅಲಾಯ್ಸ್ ಕಾರ್ಖಾನೆಗಳು ಬಾಗಿಲು ಹಾಕಿ ವರ್ಷಗಳೇ ಕಳೆದಿವೆ. 2001ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 53 ಸಾವಿರ ದಾಟಿತ್ತು. 2011ರಲ್ಲಿ ಅದು 52 ಸಾವಿರಕ್ಕೆ ಇಳಿಯಿತು. ತಂದೆಗೆ ಸಿಕ್ಕ ಕಾಯಂ ನೌಕರಿ ಮಗನಿಗೆ ಸಿಗಲಿಲ್ಲ.

ಈಗ ಊರಿಗೆ ಹೊಸ ಜೀವ ಕೊಟ್ಟಿರುವುದು ಪ್ರವಾಸೋದ್ಯಮ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಜೋಯಿಡಾದ ಗಣೇಶಗುಡಿಯಲ್ಲಿ ರಾಫ್ಟಿಂಗ್, ಸುತ್ತಲೂ ರೆಸಾರ್ಟ್ ಮತ್ತು ಹೋಂಸ್ಟೇಗಳು ಬಂದಿವೆ. ಕುಣಬಿ ರೈತರ ಗಡ್ಡೆ-ಗೆಣಸಿಗೆ ಮೇಳ ನಡೆಯುತ್ತದೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ತಾಯಂದಿರು ಹಳೆಯ ಸೀರೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ಕ್ರೈಸ್ತ ಸಿದ್ದಿಯರ ಕೌದಿಗಳಲ್ಲಿ ಶಿಲುಬೆಯ ಗುರುತನ್ನೂ ಕಾಣಬಹುದು. ಇದೆಲ್ಲ ಸಂತೋಷದ ಸಂಗತಿ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ರಾಫ್ಟಿಂಗ್, ಇಲ್ಲವಾದರೆ ಇಲ್ಲ. ಮಳೆಗಾಲದಲ್ಲಿ ದೋಣಿ ದಡ ಸೇರುತ್ತದೆ. 2020ರ ಕೊರೋನಾ ಕಾಲದಲ್ಲಿ ಪ್ರವಾಸಿಗರೇ ಬರಲಿಲ್ಲ. ದಿನಗೂಲಿಯ ಯುವಕನಿಗೆ ಆಗ ಆಧಾರ ಯಾರು? ಅಣೆಕಟ್ಟಿಗಾಗಿ ಮನೆ-ಹೊಲ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇಂದು ಅದೇ ನೀರಿನ ದಡದಲ್ಲಿ ಪಾತ್ರೆ ತೊಳೆಯುವವರಾಗಿಯೇ ಉಳಿಯಬೇಕೇ?

ಅಮೆರಿಕದ ಮೋಟಾರು ನಗರ ಡೆಟ್ರಾಯಿಟ್ 2013ರಲ್ಲಿ ದಿವಾಳಿಯಾಯಿತು. ಪಾಳು ಬಿದ್ದ ನಿವೇಶನಗಳಲ್ಲಿ ಜನ ತರಕಾರಿ ಬೆಳೆದರು, ನಗರದ ನಡುಭಾಗ ಮತ್ತೆ ಬೆಳಗಿತು. ಬಡವರ ಕೇರಿಗಳಿಗೆ ಮಾತ್ರ ಆ ಬೆಳಕು ತಡವಾಗಿ, ಅಲ್ಪವಾಗಿ ತಲುಪಿತು. ಈ ಪಾಠ ನಮಗೂ ಇರಲಿ.

ದುಡಿಮೆ ಮನುಷ್ಯನಿಗಾಗಿ, ಮನುಷ್ಯ ದುಡಿಮೆಗಾಗಿ ಅಲ್ಲವೆಂದು ಜಗದ್ಗುರು ಎರಡನೇ ಜಾನ್ ಪಾಲ್ 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಇದನ್ನು ನಾವು ಪೀಠದಿಂದ ಹೇಳಿದರೆ ಸಾಲದು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಹೋಟೆಲು, ರೆಸಾರ್ಟುಗಳು ಭವಿಷ್ಯನಿಧಿ ಕಟ್ಟಬೇಕೆಂಬ ಕಾನೂನಿದೆ. ಅಸಂಘಟಿತ ಕಾರ್ಮಿಕರಿಗೆ 2021ರಿಂದ ಇ-ಶ್ರಮ್ ಕಾರ್ಡ್ ಇದೆ. ನಮ್ಮ ಎಷ್ಟು ಯುವಕರು ನೋಂದಾಯಿಸಿದ್ದಾರೆ? ಕೌದಿ ಮಾರಿದ ಹಣದಲ್ಲಿ ಹೊಲಿದ ತಾಯಿಗೆ ಸಿಗುವ ಪಾಲೆಷ್ಟು? ಪ್ರತಿ ವಾರ್ಡಿನಲ್ಲಿ ಇದನ್ನು ಕೇಳಿ ಬರೆದಿಡುವ ಕೆಲಸವನ್ನು ಧರ್ಮಕೇಂದ್ರದ ಪಾಲನಾ ಸಮಿತಿಗಳು ಆರಂಭಿಸಬಹುದು.

ಮುಂದಿನ ಮೇ 1ರಂದು ಬಲಿಪೂಜೆಯ ಕಾಣಿಕೆಯೊಂದಿಗೆ ಆ ಪಟ್ಟಿಯನ್ನೂ ಪೀಠದ ಮುಂದೆ ಇಡೋಣ. ಬಡಗಿ ಜೋಸೆಫರಿಗೆ ಅದಕ್ಕಿಂತ ಒಳ್ಳೆಯ ಗೌರವ ಬೇರೊಂದಿಲ್ಲ.

– ಸಂಪಾದಕ