ಲಾಠಿ ಹಿಡಿದವನಿಗೂ ನಿದ್ದೆ ಬೇಕು

ಗಿರಣಿಯ ಗೇಟಿನ ಮುಂದೆ ಲಾಠಿಯ ಪೆಟ್ಟು ತಿಂದವರು, ಸಂತೆಯಲ್ಲಿ ತಳ್ಳುಗಾಡಿ ಎತ್ತಿಸಿಕೊಂಡವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಪೋಲೀಸರ ಕಷ್ಟವನ್ನು ಕುರಿತು ನಾವು ಬರೆಯಹೊರಟರೆ ಅವರಿಗೆ ನಗು ಬಂದೀತು, ಸಿಟ್ಟೂ ಬಂದೀತು. ಆದರೂ ಬರೆಯಬೇಕಾಗಿದೆ.

2016ರ ಜುಲೈನಲ್ಲಿ, ಒಂದೇ ವಾರದೊಳಗೆ, ನಮ್ಮ ರಾಜ್ಯದ ಇಬ್ಬರು ಡಿವೈಎಸ್‌ಪಿಗಳು ಆತ್ಮಹತ್ಯೆ ಮಾಡಿಕೊಂಡರು. ಅವರು ಅಧಿಕಾರಿಗಳು, ವಿಧಾನಸಭೆಯಲ್ಲಿ ಗದ್ದಲವಾದರೂ ಆಯಿತು. ಪೇದೆ ಸತ್ತರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. "ಮನೆಯ ತಾಪತ್ರಯ" ಎಂಬ ಷರಾ ಬಿದ್ದರೆ ಕಡತ ಮುಗಿಯಿತು. ಮನೆಗೆ ಹೋಗಲು ಬಿಟ್ಟರಲ್ಲವೆ ಮನೆಯ ತಾಪತ್ರಯ!

2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ದೇಶದ ಪೋಲೀಸರನ್ನೇ ವಿಚಾರಿಸಿ ವರದಿ ಹೊರತಂದವು. ದಿನಕ್ಕೆ ಸರಾಸರಿ 14 ಗಂಟೆ ದುಡಿಮೆ. ಇಬ್ಬರಲ್ಲಿ ಒಬ್ಬನಿಗೆ ವಾರದ ರಜೆಯೇ ಇಲ್ಲ. ಗಿರಣಿ ಕಾರ್ಮಿಕನಿಗೆ ವಾರಕ್ಕೆ 48 ಗಂಟೆ, ಒಂದು ದಿನ ಬಿಡುವು ಎಂದು 1948ರಲ್ಲೇ ಕಾರ್ಖಾನೆ ಕಾಯ್ದೆ ಗೊತ್ತುಮಾಡಿತು. ಪೋಲೀಸನು ಸದಾಕಾಲ ಕರ್ತವ್ಯದ ಮೇಲಿರುವವನು ಎಂದು ಬ್ರಿಟಿಷರು 1861ರ ಕಾಯ್ದೆಯಲ್ಲಿ ಬರೆದರು. ಆ ಭಾವನೆ ಇಂದಿಗೂ ಹೋಗಿಲ್ಲ.

ಸಾಲಾಗಿ ರಾತ್ರಿ ಪಾಳಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿದ್ದೆಗೆಟ್ಟ ತಲೆ ಸಣ್ಣ ಮಾತಿಗೆ ಕೆರಳುತ್ತದೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ, ಕೆಲವರು ಹೆಂಡತಿ ಮಕ್ಕಳೊಡನೆ ಮಾತೇ ಬಿಡುತ್ತಾರೆ. ಹೆಣ, ಅಪಘಾತ, ಹೊಡೆದಾಟ ಇವೇ ಅವನ ದಿನದ ಕೆಲಸ; ಸಾಲದ್ದಕ್ಕೆ ಮೇಲಿನವರ ಬೈಗುಳ. ಆ ಸಿಟ್ಟು ಇಳಿಯುವುದು ಯಾರ ಬೆನ್ನಿನ ಮೇಲೆ? ಇನ್ಸ್‌ಪೆಕ್ಟರರ ಮೇಲಲ್ಲ, ತಳ್ಳುಗಾಡಿಯವನ ಮೇಲೆ. ಇಷ್ಟರಿಂದ ಪೆಟ್ಟಿಗೆ ಕ್ಷಮೆಯಿಲ್ಲ. ಹೊಡೆದವನ ಮೇಲೆ ಕಾನೂನು ನಡೆಯಲೇಬೇಕು.

ಇಲಾಖೆಗೆ ಥಟ್ಟನೆ ಹೊಳೆಯುವ ಮದ್ದೆಂದರೆ ಯೋಗ ಶಿಬಿರ. ಯೋಗ ಕೆಟ್ಟದ್ದೆಂದು ನಾವು ಹೇಳೆವು. ಆದರೆ ಬಂದೋಬಸ್ತು ಮುಗಿಸಿ ಬಂದವನನ್ನು ನಸುಕಿನಲ್ಲಿ ಧ್ಯಾನಕ್ಕೆ ಎಬ್ಬಿಸುವುದಕ್ಕಿಂತ ಮಲಗಲು ಬಿಡುವುದು ಮೇಲು. ಮನೋವೈದ್ಯರ ಬಳಿ ಹೋದರೆ ಹುಚ್ಚನೆಂಬ ಹೆಸರು ಬಂದೀತು, ಬಡ್ತಿ ತಪ್ಪೀತು ಎಂಬ ಭಯ ಬೇರೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾರೂ ಖರ್ಚಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು; ಮೇಲಧಿಕಾರಿಯ ಅಪ್ಪಣೆ ಬೇಕಿಲ್ಲ. ಠಾಣೆಯ ಗೋಡೆಯ ಮೇಲೆ ಆ ನಂಬರನ್ನು ಬರೆಸಲಿ.

ಕಷ್ಟವನ್ನು ಒಟ್ಟಾಗಿ ಹೇಳಿಕೊಳ್ಳೋಣವೆಂದರೆ ಬಾಯಿಗೇ ಬೀಗ. 1966ರ ಕೇಂದ್ರ ಕಾಯ್ದೆಯ ಪ್ರಕಾರ ಪೋಲೀಸನು ಅನುಮತಿಯಿಲ್ಲದೆ ಸಂಘ ಸೇರುವಂತಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೋಲೀಸರಿಗೆ ಕರೆ ಹೋಯಿತು. ಕೇಳಿದ್ದು ಸಂಬಳ, ರಜೆ, ಮೇಲಿನವರ ಕಿರುಕುಳಕ್ಕೆ ತಡೆ. ಸರಕಾರ ಕರೆ ಕೊಟ್ಟ ಮುಂದಾಳನ್ನು ರಾಜದ್ರೋಹದ ಆಪಾದನೆಯ ಮೇಲೆ ಬಂಧಿಸಿತು. ರಜೆ ಕೇಳುವುದು ರಾಜದ್ರೋಹವೆ?

ಇಂಗ್ಲೆಂಡಿನಲ್ಲಿ 1918ರಲ್ಲೂ 1919ರಲ್ಲೂ ಪೋಲೀಸರು ಮುಷ್ಕರ ಹೂಡಿದರು. ಅಲ್ಲಿಯ ಸರಕಾರ ಮುಷ್ಕರವನ್ನು ನಿಷೇಧಿಸಿತು, ನಿಜ. ಆದರೆ ಅದೇ 1919ರ ಕಾಯ್ದೆಯಲ್ಲಿ ಅವರ ಅಹವಾಲು ಹೇಳಲು ಪೋಲೀಸ್ ಫೆಡರೇಷನ್ ಸ್ಥಾಪಿಸಿತು. ಬ್ರಿಟಿಷರ 1861 ನಮಗೆ ಬಂತು, 1919 ಬರಲಿಲ್ಲ.

ಸರಕಾರವನ್ನು ನಾವು ಕೇಳುವುದು ಎರಡು. ವಾರಕ್ಕೊಂದು ರಜೆ ಕಾಗದದಲ್ಲಲ್ಲ, ಠಾಣೆಯ ಡ್ಯೂಟಿ ಪಟ್ಟಿಯಲ್ಲಿ ಕಾಣಲಿ. ಪೇದೆಗಳೇ ಚುನಾಯಿಸಿದ ಮಂಡಲಿಗೆ ಅನುಮತಿ ಸಿಗಲಿ. ಇದಕ್ಕೆ ಹೊಸ ಕಾಯ್ದೆ ಬೇಕೆಂದು ಯಾರೂ ನೆಪ ಹೇಳಬೇಕಿಲ್ಲ. ಅನುಮತಿ ಕೊಡುವ ದಾರಿ 1966ರ ಕಾಯ್ದೆಯಲ್ಲೇ ಇದೆ.