ಬಾಗಿಲು ಮುಚ್ಚಿಸಿ ಅತಿಥಿಯನ್ನು ಮಾರುವವರು

ಮಲೆನಾಡಿನ ತೋಟಗಳಿಗೆ ಈಗ ಎರಡು ಚೀಲಗಳು ಜೊತೆಯಾಗಿ ಬರುತ್ತಿವೆ. ಒಂದರಲ್ಲಿ ಸೂಪರ್ ಫಾಸ್ಫೇಟ್, ಇನ್ನೊಂದರಲ್ಲಿ ಮೈಕೊರೈಜಾ ಎಂಬ ಬೇರುಶಿಲೀಂಧ್ರದ ಪುಡಿ. ಎರಡನ್ನೂ ಒಂದೇ ಬುಡಕ್ಕೆ ಸುರಿಯಿರೆಂಬ ಸಲಹೆಯಂತೂ ಉಚಿತ. ಬೇರಿನೊಳಗಿನ ವ್ಯವಹಾರವನ್ನು ಬಲ್ಲವರು ಇಂಥ ಸಲಹೆ ನೀಡಲಾರರು.

ಬೇರು-ಶಿಲೀಂಧ್ರಗಳ ಸಹಜೀವನವು 40 ಕೋಟಿ ವರ್ಷಗಳಷ್ಟು ಹಳೆಯ ಒಡಂಬಡಿಕೆ. ರಂಜಕದ ಕೊರತೆಯಾದಾಗ ಬೇರು ಸ್ಟ್ರಿಗೊಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಸ್ರವಿಸುತ್ತದೆ. ಶಿಲೀಂಧ್ರಕ್ಕೆ ಅದೇ ಕರೆಯೋಲೆಯೆಂದು 2005ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಓಗೊಟ್ಟ ಶಿಲೀಂಧ್ರ ತನ್ನ ಸಂಕೇತವನ್ನು ಕಳುಹಿಸಿದೊಡನೆ ಬೇರಿನ ಕೋಶಕೇಂದ್ರದಲ್ಲಿ ಕ್ಯಾಲ್ಸಿಯಂ ಏರಿಳಿಯತೊಡಗುತ್ತದೆ; ಆ ಮಿಡಿತವನ್ನು ಓದಲೆಂದೇ ಒಂದು ಪ್ರೋಟೀನ್ ಇದೆ. ಶಿಲೀಂಧ್ರವೂ ಎಸ್.ಪಿ.-7 ಎಂಬ ತನ್ನ ಪ್ರೋಟೀನನ್ನು ಕೋಶಕೇಂದ್ರಕ್ಕೆ ರವಾನಿಸಿ ಗಿಡದ ರಕ್ಷಣಾ ಪ್ರತಿಕ್ರಿಯೆಯನ್ನು ಶಮನಗೊಳಿಸುತ್ತದೆಂಬುದು 2011ರಲ್ಲಿ ತಿಳಿಯಿತು. (ರೋಗಕಾರಕ ಶಿಲೀಂಧ್ರಗಳದೂ ಇಂಥದೇ ತಂತ್ರ. ಮಿತ್ರ-ಶತ್ರುಗಳ ನಡುವಣ ಗೆರೆ ಅಷ್ಟು ತೆಳು!)

ಆದರೆ ಬಾಗಿಲ ಕೀಲಿಕೈ ಇರುವುದು ಗಿಡದ ಬಳಿಯೇ. ಈ ದಿಸೆಯಲ್ಲಿ ವಿವರವಾಗಿ ಅಧ್ಯಯನಗೊಂಡ ಬೆಳೆ ಭತ್ತ. ಅದರಲ್ಲಿ ಪಿ.ಎಚ್.ಆರ್.-2 ಎಂಬ ಪ್ರೋಟೀನ್ ಸಹಜೀವನಕ್ಕೆ ಬೇಕಾದ ಜೀನುಗಳನ್ನು ಎಚ್ಚರಿಸುತ್ತದೆ. ರಂಜಕ ಸಮೃದ್ಧವಾದೊಡನೆ ಎಸ್.ಪಿ.ಎಕ್ಸ್. ಪ್ರೋಟೀನುಗಳು ಅದನ್ನು ಕಟ್ಟಿಹಾಕುತ್ತವೆ. ಕರೆಯೋಲೆ ನಿಲ್ಲುತ್ತದೆ, ಬಾಗಿಲು ಮುಚ್ಚುತ್ತದೆ. 2021ರಲ್ಲಿ ಪ್ರಕಟವಾದ ಸಂಗತಿಯಿದು. ರಂಜಕ ಹೆಚ್ಚಿದಲ್ಲಿ ಮೈಕೊರೈಜಾ ಕುಗ್ಗುತ್ತದೆಂಬುದಾದರೋ ದಶಕಗಳ ಹಿಂದೆಯೇ ಪಠ್ಯಪುಸ್ತಕದಲ್ಲಿತ್ತು. ಅಡಿಕೆ, ಕಾಳುಮೆಣಸುಗಳೂ ಇದೇ ವರ್ಗದ ಶಿಲೀಂಧ್ರಗಳನ್ನು ಬೇರಿನಲ್ಲಿ ಸಾಕುವ ಬೆಳೆಗಳು. ಹೀಗಿರುವಾಗ ಒಂದು ಚೀಲದಿಂದ ಬಾಗಿಲು ಮುಚ್ಚಿಸಿ, ಇನ್ನೊಂದು ಚೀಲದಲ್ಲಿ ಅತಿಥಿಯನ್ನು ಮಾರುವುದಕ್ಕೆ ಏನೆನ್ನಬೇಕು?

'ನಮ್ಮ ಮಣ್ಣಿನಲ್ಲಿ ರಂಜಕವೇ ಇಲ್ಲವಲ್ಲ' ಎನ್ನುವವರಿದ್ದಾರೆ. ಇದೆ, ಹುಳಿಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಅದನ್ನು ಬಿಗಿಹಿಡಿದಿವೆ. ಸುರಿದ ಗೊಬ್ಬರದ ಬಹುಪಾಲಿಗೂ ಅದೇ ಗತಿ. ಬೇರು ತಲುಪದ ಎಡೆಗೆ ಎಳೆಚಾಚಿ ಚೂರುಪಾರು ಹೆಕ್ಕಿ ತರುವುದೇ ಶಿಲೀಂಧ್ರದ ಕಸುಬು. ಪರೀಕ್ಷೆಯಲ್ಲಿ ಕೊರತೆ ಕಂಡ ತೋಟಕ್ಕೆ ಅಗತ್ಯವಿದ್ದಷ್ಟು ಕೊಡಬೇಡಿರೆಂದು ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಸುರಿದು ತುಂಬಿಸಿದ ತೋಟಕ್ಕೂ ಅದೇ ಪಟ್ಟಿಯನ್ನು ಓದಿಹೇಳುವ ಸೋಮಾರಿತನಕ್ಕೆ ನನ್ನ ವಿರೋಧ.

ಅಂದಹಾಗೆ, ಬೆಳೆಗೆ ತಕ್ಕ ಶಿಲೀಂಧ್ರವನ್ನು ಆರಿಸಬೇಕೆಂಬುದನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಅವರ ತಂಡ ಬಹುಕಾಲ ದುಡಿದು ತೋರಿಸಿತ್ತು. ಅಂಗಡಿಯಲ್ಲಿ ಮಾತ್ರ ಅಡಿಕೆಗೂ ಭತ್ತಕ್ಕೂ ಒಂದೇ ಪುಡಿ. ಮುಂದಿನ ಬಾರಿ ಅದನ್ನು ಹೊತ್ತು ತಂದವರ ಮುಂದೆ ನಿಮ್ಮ ಮಣ್ಣುಪರೀಕ್ಷೆಯ ಚೀಟಿಯನ್ನಿಡಿ. ರಂಜಕದ ಅಂಕಿಯನ್ನು ಅವರೇ ಓದಲಿ.