ಗೃಹಸ್ಥರ ಉಪಯೋಗಕ್ಕೆ: ಗಾಡಿ ನಿಂತಾಗ ತಂಪಾಗುವ ಹೀಟರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ಗೃಹಸ್ಥರಿಗೆ ಮೋಟಾರಿನೊಳಗಿನ ಹೀಟರೆಂಬದು ವರ್ಷದಲ್ಲಿ ಹತ್ತು ತಿಂಗಳು ನೆನಪಿಗೇ ಬಾರದ ವಸ್ತುವು. ಕಾಶ್ಮೀರದಲ್ಲಿ ಅದು ಪ್ರಾಣರಕ್ಷಕವಾಗಿದ್ದೀತು. ನಮ್ಮಲ್ಲಿ ಮಾರ್ಗಶಿರ ಪುಷ್ಯಮಾಸಗಳ ನಸುಕಿನಲ್ಲಿ ಕಾಲಿಗೆ ತುಸು ಬೆಚ್ಚನೆಯ ಗಾಳಿ ಬಂದರೆ, ಮುಂದಿನ ಗಾಜಿಗೆ ಹಿಡಿದ ಮಂಜು ಆರಿದರೆ, ಅದರ ಕೆಲಸ ತೀರಿತು. ಆದುದರಿಂದ ಅದು ಕೆಟ್ಟರೂ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವದಿಲ್ಲ. ಈ ಅಲಕ್ಷ್ಯದಿಂದ ನಾವೇ ಪಟ್ಟ ಪಾಡನ್ನೂ ಅದರಿಂದ ಕಲಿತುದನ್ನೂ ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ.

ಕಳೆದ ಬನದ ಹುಣ್ಣಿವೆಗೆ ಬೈಲಹೊಂಗಲದಿಂದ ಯಲ್ಲಮ್ಮನ ಗುಡ್ಡಕ್ಕೆ ನಸುಕಿನಲ್ಲಿಯೇ ಹೊರಟಿದ್ದೆವು. ಹಿಂದಿನ ಆಸನದಲ್ಲಿ ಎಂಬತ್ತು ದಾಟಿದ ನಮ್ಮ ತಾಯಿಯವರು, ಅವರ ಮಗ್ಗುಲಲ್ಲಿ ಎರಡು ಮಕ್ಕಳು. ದಾರಿಯುದ್ದಕ್ಕೂ ಹೀಟರು ಚೆನ್ನಾಗಿ ಬಿಸಿಗಾಳಿ ಕೊಡುತ್ತಿತ್ತು. ಸವದತ್ತಿಯಲ್ಲಿ ಗಾಡಿಗಳ ಸಾಲು ಹತ್ತಿ ನಿಂತೆವೋ ಇಲ್ಲವೋ, ಗಾಳಿಯು ತಣ್ಣಗಾಯಿತು. ನಾಲ್ಕು ಮಾರು ಮುಂದೆ ಸರಿದರೆ ಮತ್ತೆ ಬೆಚ್ಚಗೆ. ನಿಂತರೆ ಮತ್ತೆ ತಣ್ಣಗೆ. ಈ ಆಟವು ಹದಿನೈದು ದಿನಗಳಿಂದ ನಡೆದಿತ್ತು. ಪರಿಚಯದ ಮಿಸ್ತ್ರಿಯೊಬ್ಬರಿಗೆ ಹೇಳಿದಾಗ, ನಮ್ಮ ಕಡೆಗೆ ಹೀಟರು ಯಾರಿಗೆ ಬೇಕು, ಬಿಡಿರಿ ಎಂದಿದ್ದರು. ನಾವೂ ಬಿಟ್ಟಿದ್ದೆವು. ಬಾನೆಟ್ಟು ತೆರೆದು ನೋಡಿದಾಗ ನೀರಿನ ಬಾಟಲಿಯು ಗುರುತಿನವರೆಗೆ ತುಂಬಿಯೇ ಇದ್ದದ್ದು ನಮ್ಮ ಧೈರ್ಯಕ್ಕೆ ಇನ್ನೊಂದು ಕಾರಣವಾಯಿತು.

ಗುಡ್ಡದ ಏರಿನಲ್ಲಿ ಬಿಸಿಲು ಏರಿದ ಮೇಲೆ ನಿಲ್ಲುವದೂ ಸರಿಯುವದೂ ಒಂದು ತಾಸು ನಡೆಯಿತು. ಆಗ ಬಿಸಿಯನ್ನು ತೋರಿಸುವ ಮುಳ್ಳು ಒಮ್ಮೆಲೇ ಕೆಂಪಿಗೆ ಹಾರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎಂಜಿನ್ನನ್ನು ನಿಲ್ಲಿಸಿ, ತಾಯಿಯವರನ್ನು ಕೈಹಿಡಿದು ಇಳಿಸಿ, ರಸ್ತೆಯ ಬದಿಯ ಬನ್ನಿಗಿಡದ ನೆಳಲಿಗೆ ಕೂಡ್ರಿಸಿದೆವು. ಹಿಂದೆ ಬಂದ ಚಕ್ಕಡಿಯ ಹಿರಿಯರೊಬ್ಬರು ಎತ್ತುಗಳನ್ನು ನಿಲ್ಲಿಸಿ, ಮೊದಲು ತಾಯಿಯವರಿಗೆ ಕುಡಿಯಲು ಕೊಟ್ಟು, ನೀರಿನ ಕೊಡವನ್ನು ನಮ್ಮ ಬಳಿಗೆ ತಂದರು. ಅರ್ಧತಾಸಿನ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಬರಿದು! ಹಿರಿಯರು ಕೇಳಿದರು: “ಸಾಹೇಬ್ರ, ಎತ್ತಿಗೆ ನೀರಡಿಕಿ ಆದ್ರ ಮೋತಿ ನೋಡಿ ನಮಗ ತಿಳೀತೈತ್ರಿ. ನಿಮ್ಮ ಗಾಡಿ ಏನೂ ಹೇಳಲೇ ಇಲ್ಲೇನ್ರಿ?” ಹದಿನೈದು ದಿನಗಳಿಂದ ಹೇಳುತ್ತಿತ್ತೆಂಬದು ನಮಗೆ ಆಗ ಹೊಳೆಯಿತು.

ಇದರ ಮರ್ಮವನ್ನು ತಿಳಿಯಬೇಕಾದರೆ ಹೀಟರೆಂದರೇನೆಂಬದನ್ನು ಮೊದಲು ಅರಿಯಬೇಕು. ಎಂಜಿನ್ನನ್ನು ತಂಪಿಡುವ ನೀರು ಒಂದು ಪಂಪಿನ ಬಲದಿಂದ ಸದಾ ಸುತ್ತುತ್ತಿರುವದು. ಅದರ ಒಂದು ಕವಲು ಎರಡು ರಬ್ಬರು ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಚಿಕ್ಕ ರೇಡಿಯೇಟರಿಗೆ ಹೋಗಿ ಬರುವದು. ಅದರ ಮೇಲೆ ಬೀಸಿ ಬಂದ ಗಾಳಿಯೇ ನಮ್ಮ ಬಿಸಿಗಾಳಿಯು. ಈ ಚಿಕ್ಕ ರೇಡಿಯೇಟರು ಬಹಳಷ್ಟು ಗಾಡಿಗಳಲ್ಲಿ ನೀರಿನ ಹಾದಿಯ ಎತ್ತರದ ಜಾಗಗಳಲ್ಲಿ ಒಂದಾಗಿರುವದು. ನವಿಲುತೀರ್ಥದ ಜಲಾಶಯದಲ್ಲಿ ಮಲಪ್ರಭೆಯ ನೀರು ತೂಬಿನ ಹೊಸ್ತಿಲಿಗಿಂತ ಕೆಳಗಿಳಿದರೆ ಕಾಲುವೆಗೆ ಹನಿಯೂ ಏರದಷ್ಟೆ! ಎಂಜಿನ್ನಿನಲ್ಲಿ ನೀರು ಕಡಿಮೆಯಾದರೂ ಹಾಗೆಯೇ, ಮೊದಲು ಒಣಗುವದು ಹೀಟರಿನ ಕವಲು.

ಗಾಡಿ ಓಡುವಾಗ ಪಂಪು ವೇಗವಾಗಿ ತಿರುಗಿ, ಇದ್ದಷ್ಟು ನೀರನ್ನು ಮೇಲಕ್ಕೆ ದಬ್ಬುವದು, ಗಾಳಿ ಬಿಸಿಯಾಗುವದು. ನಿಂತಾಗ ಎಂಜಿನ್ನು ನಿಮಿಷಕ್ಕೆ ಸುಮಾರು ೭೦೦ರಿಂದ ೯೦೦ ಸುತ್ತು ಮಾತ್ರ ತಿರುಗುವದರಿಂದ ಪಂಪಿನ ಬಲ ಸಾಲದು. ಎತ್ತರದಲ್ಲಿ ಸಿಕ್ಕ ಗಾಳಿಯ ಗುಳ್ಳೆಯು ನೀರಿಗೆ ಅಡ್ಡ ನಿಲ್ಲುವದು. ಕಿತ್ತೂರಿನ ಹೆದ್ದಾರಿಯಲ್ಲಿ ಅಡಗಿಕೊಂಡಿದ್ದ ದೋಷವು ರಾಮದುರ್ಗದ ಸಂತೆಯ ಗದ್ದಲದಲ್ಲಿ ಕಾಣಿಸಿಕೊಳ್ಳುವದು ಇದೇ ಕಾರಣದಿಂದ. ಇನ್ನೊಂದು ಮಾತು. ಬಿಸಿ ತೋರಿಸುವ ಮುಳ್ಳಿಗೆ ಸುದ್ದಿ ಕೊಡುವ ಉಪಕರಣವು ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳೀತು. ನೀರು ಕೆಳಗಿಳಿದು ಅದು ಬರಿಯ ಗಾಳಿಯಲ್ಲಿ ಉಳಿದರೆ, ಎಂಜಿನ್ನು ಕಾಯುತ್ತಿದ್ದರೂ ಮುಳ್ಳು ಕೆಳಗೇ ಇದ್ದೀತು. ಅಂಥ ವೇಳೆಯಲ್ಲಿ ಮುಳ್ಳಿಗಿಂತ ಹೀಟರಿನ ಸಾಕ್ಷಿಯೇ ಹೆಚ್ಚು ನಂಬತಕ್ಕದ್ದು.

ಹಾಗೆಂದು ಎಲ್ಲ ತಂಪುಗಾಳಿಗೂ ಒಂದೇ ಕಾರಣವಲ್ಲ. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಮುಂಜಾನೆ ಎಂಜಿನ್ನು ಪೂರ್ತಿ ಆರಿರುವಾಗ ಮುಚ್ಚಳ ತೆಗೆದು ರೇಡಿಯೇಟರಿನಲ್ಲಿಯೇ ನೀರನ್ನು ನೋಡಬೇಕು; ಬಾಟಲಿಯನ್ನು ಮಾತ್ರ ನೋಡಿ ಸುಮ್ಮನಾಗಬಾರದು. ನಮ್ಮ ಗಾಡಿಯಲ್ಲಿ ಹೀಟರಿನ ಕೊಳವೆಯೊಂದು ಬಿಗಿಪಟ್ಟಿಯ ಹತ್ತಿರ ಸೀಳಿತ್ತು. ಕಾದಾಗ ಅಲ್ಲಿಂದ ನೀರು ಒಸರುತ್ತಿತ್ತು; ಆರಿದಾಗ ಬಾಟಲಿಯ ನೀರಿನ ಬದಲು ಅದೇ ಸೀಳಿನಿಂದ ಗಾಳಿ ಒಳಗೆ ಹೋಗುತ್ತಿತ್ತು. ಆದುದರಿಂದಲೇ ಬಾಟಲಿ ತುಂಬಿತ್ತು, ರೇಡಿಯೇಟರು ಬರಿದಾಗಿತ್ತು. ಹೊಸ ಗಾಡಿಗಳು ಹಲವಕ್ಕೆ ರೇಡಿಯೇಟರಿನ ಮೇಲೆ ಮುಚ್ಚಳವಿರದೆ ಬಾಟಲಿಗೇ ಇರುವದು. ಅಲ್ಲಿ ಬಾಟಲಿಯ ಗುರುತೇ ಪ್ರಮಾಣವು.

ಎರಡನೆಯದಾಗಿ, ನೀರು ಸರಿಯಿದ್ದರೆ ಎಂಜಿನ್ನು ಕಾದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಅದರ ಎರಡೂ ಕೊಳವೆಗಳನ್ನು ದಪ್ಪ ಬಟ್ಟೆಯಿಂದ ಎಚ್ಚರದಿಂದ ಮುಟ್ಟಿ ನೋಡಬೇಕು. ಸೆರಗು, ತೋಳು, ಬೆರಳುಗಳು ಫ್ಯಾನಿನಿಂದಲೂ ಬೆಲ್ಟಿನಿಂದಲೂ ದೂರವಿರಲಿ. ಎರಡೂ ಬಿಸಿಯಿದ್ದು ಒಳಗೆ ಗಾಳಿ ತಂಪಾಗಿದ್ದರೆ, ಡ್ಯಾಶ್‌ಬೋರ್ಡಿನೊಳಗಿನ ಗಾಳಿಯ ಕದವು ಸಿಕ್ಕಿಕೊಂಡಿದೆ, ಎಂಜಿನ್ನಿಗೆ ಅಪಾಯವಿಲ್ಲ. ಒಂದು ಬಿಸಿ, ಇನ್ನೊಂದು ತಂಪು ಇದ್ದರೆ, ಒಳಗೆ ಗಾಳಿ ನಿಂತಿದೆ ಅಥವಾ ಚಿಕ್ಕ ರೇಡಿಯೇಟರು ಕಟ್ಟಿಕೊಂಡಿದೆ. ಗಾಡಿ ಎಷ್ಟು ಓಡಿದರೂ ಎರಡೂ ಉಗುರುಬೆಚ್ಚಗೆ ಉಳಿದು ಮುಳ್ಳೂ ಮೇಲೇರದಿದ್ದರೆ ಥರ್ಮೋಸ್ಟ್ಯಾಟ್ ತೆರೆದೇ ನಿಂತಿರುವ ಸಂಭವವುಂಟು. ಸುಮಾರು ೮೦ರಿಂದ ೯೦ ಡಿಗ್ರಿಗೆ ತೆರೆಯಬೇಕಾದ ಕವಾಟವಿದು. ಸದಾ ತೆರೆದಿದ್ದರೆ ಎಂಜಿನ್ನು ಕಾಯುವದೇ ಇಲ್ಲ.

ಮೂರನೆಯದಾಗಿ, ನೀರು ತುಂಬಿದ್ದು, ಗಾಳಿಯೂ ಇಲ್ಲದೆ, ನಿಂತಾಗ ಮಾತ್ರ ತಂಪಾಗುತ್ತಿದ್ದರೆ ಪಂಪಿನ ರೆಕ್ಕೆ ಸವೆದಿರಬೇಕು ಅಥವಾ ಬೆಲ್ಟು ಜಾರುತ್ತಿರಬೇಕು. ಬಾಟಲಿಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ಬಿಳಿಯ ಹಬೆ ಸಿಹಿವಾಸನೆಯೊಂದಿಗೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಇಲ್ಲಿ ಸ್ವಂತ ಪ್ರಯೋಗ ಬೇಡ. ಡೀಸೆಲ್ ಗಾಡಿಗಳು ಚಳಿಯ ಬೆಳಗಿನಲ್ಲಿ ನಿಂತಲ್ಲಿಯೇ ಕಾಯಲು ಬಹಳ ಹೊತ್ತು ಹಿಡಿಯುವವು. ಆ ಆರಂಭದ ತಂಪನ್ನು ರೋಗವೆಂದು ಎಣಿಸಬೇಕಾಗಿಲ್ಲ.

ಒಳಗೆ ನಿಂತ ಗಾಳಿಯನ್ನು ಕಳೆಯುವ ಉಪಾಯವು ಸುಲಭವು. ತಣ್ಣಗಿನ ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಎಂಜಿನ್ನು ನಡೆಸಬೇಕು. ಥರ್ಮೋಸ್ಟ್ಯಾಟ್ ತೆರೆದೊಡನೆ ಗುಳ್ಳೆಗಳು ಹೊರಟು ನೀರು ಕೆಳಗಿಳಿಯುವದು. ಇಳಿದಷ್ಟು ತುಂಬುತ್ತ ಹೋಗಿ, ಗುಳ್ಳೆ ನಿಂತ ಮೇಲೆ ಮುಚ್ಚಬೇಕು. ಕೆಲವು ಗಾಡಿಗಳಿಗೆ ಇದಕ್ಕಾಗಿ ಬೇರೆ ತಿರುಪೇ ಇರುವದು. ಆದರೆ ನೀರು ಎಲ್ಲಿ ಸೋರಿತೆಂಬದನ್ನು ಹುಡುಕದೆ ಬರಿಯ ತುಂಬುತ್ತ ಹೋಗುವದು ತೂತುಕೊಡಕ್ಕೆ ನೀರು ಹೊಯ್ದಂತೆ.

ತುಂಬುವ ನೀರಿನ ವಿಷಯವೂ ಮಹತ್ವದ್ದು. ನಮ್ಮ ಎಷ್ಟೋ ಊರುಗಳ ಕೊಳವೆಬಾವಿಯ ಸವಳು ನೀರು ಬಚ್ಚಲ ಹಂಡೆಯ ತಳಕ್ಕೆ ಬಿಳಿಯ ಹಕ್ಕಳೆ ಕಟ್ಟಿಸುವದನ್ನು ಮನೆಯ ಹೆಣ್ಣುಮಕ್ಕಳು ಬಲ್ಲರು. ಅದೇ ಹಕ್ಕಳೆ ಹೀಟರಿನ ಸೂಕ್ಷ್ಮ ಕೊಳವೆಗಳನ್ನೂ ಕಟ್ಟುವದು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಕೂಲಂಟನ್ನೇ ಹಾಕತಕ್ಕದ್ದು. ಗಟ್ಟಿ ಕೂಲಂಟಾದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬಟ್ಟಿಯಿಳಿಸಿದ ನೀರು ಕೂಡಿಸುವರು. ಅದು ತುಕ್ಕನ್ನು ತಡೆಯುವದಲ್ಲದೆ ಕುದಿಯುವ ಮಟ್ಟವನ್ನೂ ಏರಿಸುವದು. ಚಕ್ಕಡಿಯ ಹಿರಿಯರ ನೀರು ಆ ದಿನ ನಮ್ಮನ್ನು ಪಾರುಮಾಡಿತಾದರೂ, ಮರುದಿನ ಅದನ್ನು ತೆಗೆಸಿ ಕೂಲಂಟನ್ನೇ ಹಾಕಿಸಿದೆವು. ಇದರ ಮುಖ್ಯ ದ್ರವ್ಯವಾದ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು. ಮಕ್ಕಳು, ನಾಯಿ, ದನಗಳ ಬಾಯಿಗೆ ಸಿಗದಂತೆ ಡಬ್ಬಿಯನ್ನು ಎತ್ತರದಲ್ಲಿ ಇಡಬೇಕು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿರಿ. ಬಿಸಿಗಾಳಿ ಬಂದರೆ ಎಂಜಿನ್ನಿನ ಕಾವನ್ನು ಅಷ್ಟಿಷ್ಟು ಹೊರಗೆ ಎಳೆದು, ಬದಿಗೆ ಸರಿದು ನಿಲ್ಲುವಷ್ಟು ಅವಕಾಶ ಕೊಟ್ಟೀತು. ಮುಳ್ಳು ಏರಿಯೂ ತಣ್ಣನೆಯ ಗಾಳಿಯೇ ಬಂದರೆ ಒಳಗೆ ನೀರಿಲ್ಲವೆಂದೇ ತಿಳಿದು ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು. ಇನ್ನು ಸ್ವಲ್ಪ ದೂರವೆಂದು ಏರನ್ನು ಹತ್ತಿಸಿದರೆ ಸಿಲಿಂಡರಿನ ತಲೆ ಸೊಟ್ಟಾಗಿ, ಕೊಳವೆಯ ತುಂಡಿನಲ್ಲಿ ಮುಗಿಯುವ ಖರ್ಚು ಎಂಜಿನ್ನು ಬಿಚ್ಚುವವರೆಗೆ ಹೋಗುವದು. ಕಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಅವಸರಕ್ಕೂ ತೆಗೆಯಲಾಗದು. ಒಳಗಿನ ಒತ್ತಡದಿಂದಾಗಿ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುವದು. ಮುಚ್ಚಳ ಸಡಿಲಿದೊಡನೆ ಚಿಮ್ಮಿ ಮುಖವನ್ನೇ ಸುಡುವದು. ಅರ್ಧತಾಸು ಕಾದು, ಪೂರ್ತಿ ಆರಿದ ಮೇಲೆ, ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ತಿರುಗಿಸಬೇಕು. ನೀರನ್ನೂ ಸ್ವಲ್ಪಸ್ವಲ್ಪವಾಗಿ ಹೊಯ್ಯಬೇಕು.

ನಮ್ಮ ಎಂಜಿನ್ನು ಹೇಗೋ ಉಳಿಯಿತು. ತಾಯಿಯವರು ಮಾತ್ರ ಅಂದು ಉಳಿದ ದಾರಿಯನ್ನು ಚಕ್ಕಡಿಯಲ್ಲಿಯೇ ಕ್ರಮಿಸಿ, ನಮಗಿಂತ ಮೊದಲು ದೇವಿಯ ದರ್ಶನ ಪಡೆದರು. ಭಾರತ ಹುಣ್ಣಿವೆಗೆ ಮತ್ತೆ ಗುಡ್ಡಕ್ಕೆ ಹೊರಟಾಗ ಅವರು ಹತ್ತುವ ಮೊದಲು ಕೇಳಿದ ಪ್ರಶ್ನೆ ಒಂದೇ: “ಗಾಡಿಗೆ ನೀರು ಕುಡಿಸೀಯೇನಪ್ಪಾ?” ಕುಡಿಸಿದ್ದೆವು. ಗುಡ್ಡದ ಸಾಲಿನಲ್ಲಿ ಒಂದು ತಾಸು ನಿಂತರೂ ಹೀಟರು ಬೆಚ್ಚಗೇ ಇತ್ತು.